ಎಂಟು ಪದರದ ಟಿಪ್ಪು

ನಮ್ಮ ಮನೆಯಲ್ಲಿ ಹಾಲಿಗೆ ಎರಡು ಪಾತ್ರೆಗಳಿದ್ದವು. ದೊಡ್ಡದು ನಮಗೆ, ಚಿಕ್ಕದು ಟಿಪ್ಪುಗಳಿಗೆ. ಟಿಪ್ಪು ಅಂದರೆ ಪೂಲ್, ಸ್ನೂಕರ್ ಆಡುವ ಕೋಲಿನ ತುದಿಗೆ ಅಂಟಿಸುವ ಚರ್ಮದ ಬಿಲ್ಲೆ. ಅಂಗಿಯ ಗುಂಡಿಯಷ್ಟು ಅಗಲ, ಅದಕ್ಕಿಂತ ಒಂಚೂರು ದಪ್ಪ. ಆ ಕೋಲಿಗೆ ಕ್ಯೂ ಎನ್ನುತ್ತಾರೆ. ಆಡುವವನು ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಅವನ ಕ್ಯೂ ಯಾವ ದೇಶದಿಂದಲೇ ಬಂದಿರಲಿ, ಚೆಂಡಿಗೆ ತಾಗುವುದು ಆ ಬಿಲ್ಲೆಯೊಂದೇ. ಅಂಥ ಬಿಲ್ಲೆಗಳು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಹಾಲಿನಲ್ಲಿ ಮುಳುಗಿ ಕೂತಿರುತ್ತಿದ್ದವು. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ ನಾನು. ಮೂರನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳ ಮನೆಗೆ ಹೋಗಿ, ನಿಮ್ಮ ಟಿಪ್ಪಿನ ಪಾತ್ರೆ ಎಲ್ಲಿ ಎಂದು ಕೇಳಿದ್ದೆ. ಅವಳ ಅಮ್ಮ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡುತ್ತಾ ನಿಂತುಬಿಟ್ಟಿದ್ದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಸಂತೆ ಬೀದಿಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ನಾನು. ಬೇರೆಯವರ ಮನೆಯಲ್ಲಿ ಬಾಗಿಲ ಹಿಂದೆ ಕೊಡೆ, ಪೊರಕೆ ಇರುವ ಜಾಗದಲ್ಲಿ ನಮ್ಮಲ್ಲಿ ಕ್ಯೂಗಳು ಇರುತ್ತಿದ್ದವು. ಒಮ್ಮೊಮ್ಮೆ ನಾಲ್ಕು, ಒಮ್ಮೊಮ್ಮೆ ಹತ್ತು. ಒಂದು ಸಲ ಅಜ್ಜಿ ಅದರಲ್ಲೇ ಒಂದನ್ನು ತೆಗೆದುಕೊಂಡು ಹೋಗಿ ಹಿತ್ತಲಿನ ನುಗ್ಗೆಕಾಯಿ ಕೆಡವಿದಳು. ಕೂಗಾಡುವುದೇ ಗೊತ್ತಿಲ್ಲದ ಅಪ್ಪ ಅವತ್ತು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಅಜ್ಜಿ ಎಲೆಅಡಿಕೆಗೆ ಸುಣ್ಣ ಹಚ್ಚುತ್ತಾ, ತಣ್ಣಗೆ, 'ಕೋಲು ಅಂದ್ಮೇಲೆ ಕಾಯಿ ಬೀಳ್ಬೇಕಪ್ಪ. ನಿಮ್ಮ ಕ್ಲಬ್ಬಲ್ಲಿ ಚೆಂಡು ಬಿದ್ರೆ ಖುಷಿ ಪಡ್ತೀರಲ್ಲ' ಅಂದಳು. ಅವ್ವ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು. ಮಧ್ಯಾಹ್ನ ಊಟಕ್ಕೆ ಅದೇ ನುಗ್ಗೆಕಾಯಿ ಸಾರು. ಅಪ್ಪ ಮಾತಿಲ್ಲದೆ ಎರಡು ಸಲ ಬಡಿಸಿಕೊಂಡು ಉಂಡ.

ಅತ್ತೆ ಸೊಸೆಯ ನಿಜವಾದ ಜಗಳ ಮಾತ್ರ ಆ ಚಿಕ್ಕ ಪಾತ್ರೆಯದ್ದು. ಚರ್ಮವನ್ನು ಹಾಲಿನಲ್ಲಿ ನೆನೆಸಿ, ಕಬ್ಬಿಣದ ಕ್ಲಾಂಪಿನಲ್ಲಿ ಬಿಗಿಯಾಗಿ ಒತ್ತಿ ಒಣಗಿಸಿದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದು ಅಪ್ಪನಿಗೆ, ಅವನಿಗಿಂತ ಮುಂಚೆ ಕ್ಲಬ್ಬಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ಮುದುಕ ಹೇಳಿಕೊಟ್ಟಿದ್ದನಂತೆ. ಹಾಗೆ ಮಾಡದ ಟಿಪ್ಪು ಒಂದು ತಿಂಗಳ ಹೊಡೆತಕ್ಕೆ ಸುತ್ತಲೂ ಉಬ್ಬಿಕೊಂಡು ಅಂಚು ಕೆಳಗಿಳಿಯುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ 'ಅಣಬೆ ಎದ್ದಿದೆ' ಅನ್ನುತ್ತಿದ್ದರು. ಅಣಬೆ ಎದ್ದ ಟಿಪ್ಪಿನಿಂದ ಹೊಡೆದರೆ ಚೆಂಡು ಹೇಳಿದ ಕಡೆಗೆ ಹೋಗುವುದಿಲ್ಲ. ಇದೆಲ್ಲ ಅಜ್ಜಿಗೆ ಬೇಕಿರಲಿಲ್ಲ.

'ಹಸುವಿನ ಹಾಲಲ್ಲಿ ಹಸುವಿನ ಚರ್ಮ ನೆನೆ ಹಾಕ್ತೀಯಲ್ಲೇ ಮಾರಾಯ್ತಿ, ಈ ಪಾಪ ಯಾವ ನೀರಲ್ಲಿ ತೊಳ್ಕೊಳ್ತೀಯ?'

'ಎಮ್ಮೆ ಹಾಲು ಅತ್ತೆ.'

'ಚರ್ಮ?'

'ಅದನ್ನ ಕೇಳೋಕೆ ಆಗಲಿಲ್ಲ. ಡಬ್ಬಿಯೊಳಗೆ ಬಂದಿತ್ತು, ಮಾತಾಡ್ಲಿಲ್ಲ.'

ಅಪ್ಪ ನ್ಯೂ ಟೌನಿನ ಒಂದು ಹಳೆಯ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಹೆಸರು ಮಂಜಪ್ಪ, ಆದರೆ ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮಾರ್ಕರ್ ಎಂದೇ. ಟೇಬಲ್ಲಿನ ಹಸಿರು ಬಟ್ಟೆಗೆ ಬ್ರಷ್ ಹೊಡೆಯುವುದು, ಚೆಂಡು ಜೋಡಿಸುವುದು, ಗೋಡೆಯ ಹಲಗೆಯಲ್ಲಿ ಅಂಕ ಸರಿಸುವುದು, ಕ್ಯೂಗಳಿಗೆ ಟಿಪ್ಪು ಹಾಕುವುದು ಅವನ ಕೆಲಸ. ಬಿಳಿ ಅಂಗಿ ಹಾಕಿಕೊಂಡು ಸೈಕಲ್ ಹತ್ತುವಾಗ ಅವನನ್ನು ನೋಡಿದರೆ ಯಾವುದೋ ಆಫೀಸರ್ ಅನ್ನಬೇಕು. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಜನ ಕಡಿಮೆಯಾಗುತ್ತಾ ಬಂದು, ಕ್ಲಬ್ಬಿಗೆ ಬರುವವರೂ ಕಡಿಮೆಯಾಗಿದ್ದರು. ಅಲ್ಲಿದ್ದ ಇನ್ನಿಬ್ಬರು ಕೆಲಸದವರನ್ನು ಬಿಡಿಸಿದ್ದರು. ಅಪ್ಪ ಉಳಿದದ್ದು ಟಿಪ್ಪಿನಿಂದ. 'ಮಂಜಪ್ಪನ ಟಿಪ್ಪು' ಅನ್ನುವುದು ಅಷ್ಟು ಹೆಸರಾಗಿತ್ತು. ಶಿವಮೊಗ್ಗದಲ್ಲಿ ಆಗತಾನೇ ತೆರೆಯುತ್ತಿದ್ದ ಪೂಲ್ ಪಾರ್ಲರಿನವರು ಕೂಡ ಕ್ಯೂಗಳನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಭದ್ರಾವತಿಗೆ ತರುತ್ತಿದ್ದರು. ನಿನ್ನ ಕೈಗೋಸ್ಕರ ನಿನ್ನನ್ನು ಇಟ್ಟುಕೊಂಡಿದ್ದೇವೆ ಮಂಜಪ್ಪ ಎಂದು ಸೆಕ್ರೆಟರಿಯವರು ಹೇಳಿದರಂತೆ. ಅಪ್ಪ ಮನೆಗೆ ಬಂದು ಅದನ್ನು ಹೇಳಿದಾಗ ಯಾರೂ ಖುಷಿ ಪಡಲಿಲ್ಲ. ಯಾಕೆಂದರೆ ಆ ಕೈ ಅಪ್ಪನದಾಗಿರಲಿಲ್ಲ.

ಅಪ್ಪನ ಕೈ ನಡುಗಲು ಶುರುವಾದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ನನಗೆ ನೆನಪಿರುವ ಅಪ್ಪನ ಕೈ ನಡುಗುವ ಕೈಯೇ. ಕಾಫಿ ಲೋಟವನ್ನು ಅವ್ವ ಯಾವಾಗಲೂ ಅರ್ಧ ಮಾತ್ರ ತುಂಬಿಸಿ ಕೊಡುತ್ತಿದ್ದಳು. ಟಿಪ್ಪಿನ ಅಂಚು ಕತ್ತರಿಸುವಾಗ ಒಮ್ಮೆ ಬ್ಲೇಡು ಜಾರಿ ಅವನ ಹೆಬ್ಬೆರಳು ಸೀಳಿತಂತೆ. ಅವ್ವ ಅರಿಶಿನ ಹಚ್ಚಿ ಬಟ್ಟೆ ಕಟ್ಟಿ, 'ಕೊಡಿ ಇಲ್ಲಿ' ಅಂತ ಕ್ಯೂ ಕಿತ್ತುಕೊಂಡವಳು ಮತ್ತೆ ಅದನ್ನು ವಾಪಸು ಕೊಡಲಿಲ್ಲ. ಅವಳಿಗೆ ಚರ್ಮ ಹೊಸದಲ್ಲ. ಅವಳ ಅಪ್ಪ ಆಯನೂರಿನಲ್ಲಿ ಚಪ್ಪಲಿ ಮಾಡುತ್ತಿದ್ದವರು. ಹುಡುಗಿಯಾಗಿದ್ದಾಗ ಅವಳು ಅವರ ಪಕ್ಕದಲ್ಲಿ ಕೂತು ಚಪ್ಪಲಿಯ ತಳದ ಅಟ್ಟೆ ಕತ್ತರಿಸಿದ್ದಳು. ಈ ವಿಷಯ ಕ್ಲಬ್ಬಿಗೆ ಗೊತ್ತಾಗಬಾರದು ಎಂದು ಅಪ್ಪ ಹೇಳಿದ್ದ. ಟಿಪ್ಪು ಹಾಕುವುದು ಹೆಂಡತಿ ಎಂದು ತಿಳಿದರೆ ಗಂಡನಿಗೆ ಯಾಕೆ ಸಂಬಳ ಕೊಡುತ್ತಾರೆ? ಓಣಿಯ ಹೆಂಗಸರು ಬಂದಾಗ ಅವ್ವ ಕೈಯಲ್ಲಿದ್ದ ಕ್ಯೂವನ್ನು ಗೋಡೆಗೆ ಒರಗಿಸಿ, ಒನಕೆ ಎತ್ತಿಟ್ಟಷ್ಟೇ ಸಹಜವಾಗಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

ಅವಳು ಟಿಪ್ಪು ಹಾಕುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಒಂದು ಸಲವೂ ಬೇಸರವಾಗಲಿಲ್ಲ. ಮೊದಲು ಹಳೆಯ ಟಿಪ್ಪನ್ನು ಕಿತ್ತು, ಕ್ಯೂವಿನ ತುದಿಯ ಹಿತ್ತಾಳೆ ಉಂಗುರದ ಮೇಲೆ ಅಂಟಿನ ಒಂದು ಕಣವೂ ಉಳಿಯದ ಹಾಗೆ ಬ್ಲೇಡಿನಿಂದ ಕೆರೆಯುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಅಲ್ಲಿ ಬೆರಳಾಡಿಸುತ್ತಿದ್ದಳು. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದಂತೆ. ಹೊಸ ಟಿಪ್ಪಿನ ತಳವನ್ನು ನೆಲದ ಮೇಲಿಟ್ಟ ಮರಳು ಕಾಗದಕ್ಕೆ ಎಂಟಂಕಿಯ ಹಾಗೆ ತಿಕ್ಕಿ ಸಮ ಮಾಡಿ, ಒಂದು ಹನಿ ಅಂಟು ಬಿಟ್ಟು, ಕೂರಿಸಿ, ಕ್ಯೂವನ್ನು ತಲೆಕೆಳಗು ಮಾಡಿ ನೆಲಕ್ಕೆ ಒತ್ತಿ ಹಿಡಿಯುತ್ತಿದ್ದಳು. ಆ ಹೊತ್ತು ಯಾರೂ ಮಾತಾಡುವ ಹಾಗಿರಲಿಲ್ಲ. ಅಂಟು ಹಿಡಿದ ಮೇಲೆ ಹಲಗೆಯ ಮೇಲೆ ಅದೇ ತಲೆಕೆಳಗಿನ ಭಂಗಿಯಲ್ಲಿ ಕ್ಯೂವನ್ನು ಎಡಗೈಯಿಂದ ತಿರುಗಿಸುತ್ತಾ, ಬಲಗೈಯ ಬ್ಲೇಡಿನಿಂದ ಹೊರಚಾಚಿದ ಅಂಚನ್ನು ಇಳಿಸುತ್ತಿದ್ದಳು. ಚರ್ಮದ ಸಿಪ್ಪೆ ಎಲ್ಲೂ ತುಂಡಾಗದೆ ಒಂದೇ ಎಳೆಯಾಗಿ ಬರುತ್ತಿತ್ತು. ಅದನ್ನು ನಾನು ಬೆರಳಿಗೆ ಉಂಗುರ ಮಾಡಿಕೊಳ್ಳುತ್ತಿದ್ದೆ. ಕೊನೆಗೆ ತುದಿ ಗುಂಡಗಾಗಬೇಕು. ಅದಕ್ಕೆ ಉಪ್ಪಿನ ಚಮಚದ ಗುಳಿಯೊಳಗೆ ಮರಳು ಕಾಗದ ಅಂಟಿಸಿಕೊಂಡಿದ್ದಳು. ಅಂಚಿಗೆ ಎಂಜಲು ಹಚ್ಚಿ ಚರ್ಮದ ಚೂರಿನಿಂದ ಬಿಸಿಯಾಗುವವರೆಗೆ ಉಜ್ಜಿದರೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಇಷ್ಟೆಲ್ಲ ಮಾಡುವ ಹೆಂಗಸು ಆ ಆಟವನ್ನು ಒಂದು ದಿನವೂ ನೋಡಿರಲಿಲ್ಲ.

ಅಪ್ಪನಿಗೆ ಉಳಿದದ್ದು ಕಿವಿ. ಮುಗಿದ ಕ್ಯೂವನ್ನು ರುಬ್ಬುವ ಕಲ್ಲಿನ ಮೇಲೆ ಮೂರು ಸಲ ಕುಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಹೊಸ್ತಿಲ ಮೇಲೆ ಕುಟ್ಟಲು ಅಜ್ಜಿ ಬಿಟ್ಟಿರಲಿಲ್ಲ. ಊಟಕ್ಕೆ ಕೂತಾಗಲೂ ಅವನ ಮಾತು ಅದೇ. 'ಡಾಕ್ಟರದು ಜೋರು ಕೈ ಕಣೇ, ಅವರಿಗೆ ಇನ್ನೊಂದು ದಿನ ಕ್ಲಾಂಪಲ್ಲಿರ್ಲಿ.' 'ಈ ಕ್ಯೂನವರು ಚೆಂಡನ್ನ ಸವರ್ತಾರೆ, ಹೊಡೆಯೋದಿಲ್ಲ. ಮೆತ್ತಗಿರೋದು ಹಾಕು.' ಅವ್ವ ಮುದ್ದೆ ಮುರಿಯುತ್ತಾ ಹೂಂ ಅನ್ನುತ್ತಿದ್ದಳು. ಕ್ಲಬ್ಬಿಗೆ ಆಡಲು ಬರುತ್ತಿದ್ದ ಆ ಡಾಕ್ಟರನ್ನೂ ಅವಳು ನೋಡಿರಲಿಲ್ಲ. ಆದರೆ ಅವರ ಕೈ ಎಂಥದ್ದು ಎಂಬುದು ನಮ್ಮ ಮನೆಯ ತಟ್ಟೆಗಳಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ಅಪ್ಪ ಎದೆಯ ಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಅವ್ವನ ಮುಂದಿಟ್ಟ. ಶಿವಮೊಗ್ಗದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ರಫೀಕ್ ಅನ್ನುವವರು ಕೊಟ್ಟದ್ದು. ಆ ಕಡೆಗೆಲ್ಲ ಅವರಷ್ಟು ಚೆನ್ನಾಗಿ ಆಡುವವರಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವರ ಭಾವ ಹೊರದೇಶದಿಂದ ತಂದುಕೊಟ್ಟ ಟಿಪ್ಪು ಅದು. ಒಂದೇ ಒಂದು. ಭಾನುವಾರ ಶಿವಮೊಗ್ಗದಲ್ಲಿ ಪಂದ್ಯ, ಅಷ್ಟರೊಳಗೆ ಕ್ಯೂಗೆ ಹಾಕಿಕೊಡಬೇಕು. ಬಟ್ಟೆಯ ಚೀಲದಲ್ಲಿ ಕ್ಯೂವೂ ಬಂದಿತ್ತು. ಅವ್ವ ಡಬ್ಬಿ ತೆರೆದು, ಟಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ತಿರುಗಿಸಿ ನೋಡಿದಳು. ಅದರ ಬದಿಯಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳು ಒಂದರ ಮೇಲೊಂದು ಇದ್ದವು. ಜೇನಿನ ಬಣ್ಣ. ಒಂದೇ ತುಂಡು ಚರ್ಮವಲ್ಲ, ಎಂಟು ತೆಳು ಪದರಗಳನ್ನು ಒತ್ತಿ ಅಂಟಿಸಿದ್ದರು. 'ಯಾರೋ ಪುಣ್ಯಾತ್ಮ ಮಾಡಿದ್ದು' ಅಂದಳು. ಅವಳು ಇನ್ನೊಬ್ಬರ ಕೆಲಸ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬುಧವಾರ ಬೆಳಿಗ್ಗೆ ಅವಳು ಆ ಟಿಪ್ಪನ್ನು ಹಾಲಿಗೆ ಹಾಕಿದಳು. ನಮ್ಮ ಮನೆಗೆ ಬಂದ ಟಿಪ್ಪು ಅಂದ ಮೇಲೆ ಹಾಲಿಗೆ ಬೀಳಲೇಬೇಕು. ಹುಟ್ಟಿದ ಮಗುವಿಗೆ ಸ್ನಾನ ಮಾಡಿಸಬೇಕೇ ಬೇಡವೇ ಎಂದು ಯಾರಾದರೂ ಯೋಚಿಸುತ್ತಾರೆಯೇ? ಅಪ್ಪನೂ ಅಲ್ಲೇ ನಿಂತಿದ್ದ, ಬೇಡ ಅನ್ನಲಿಲ್ಲ. ಸಂಜೆ ನಾನು ಸ್ಕೂಲಿನಿಂದ ಬರುವಾಗ ಬಿಸಿಲು ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಅವ್ವ ಪಾತ್ರೆಯೊಳಗೆ ಚಮಚ ಇಳಿಸಿದಳು. ಮೇಲೆ ಬಂದದ್ದು ಟಿಪ್ಪಲ್ಲ, ಟಿಪ್ಪಿನ ಒಂದು ಎಲೆ. ಮತ್ತೆ ಇಳಿಸಿದಳು, ಇನ್ನೊಂದು ಎಲೆ. ಯಾವ ಅಂಟು ಅದನ್ನು ಹಿಡಿದಿತ್ತೋ ಅದು ಹಾಲಿನಲ್ಲಿ ಕರಗಿ ಹೋಗಿತ್ತು. ಅಪ್ಪ ಧಾವಿಸಿ ಬಂದು, ಎರಡು ಎಲೆಗಳನ್ನು ಒಂದರ ಮೇಲೊಂದಿಟ್ಟು ಒತ್ತಲು ಹೋದ. ನಡುಗುವ ಬೆರಳಿಗೆ ನೆನೆದ ಚರ್ಮ ಸಿಕ್ಕಿ ಒಂದು ಎಲೆ ಅಡ್ಡಡ್ಡ ಹರಿದುಹೋಯಿತು.

'ಆಯ್ತು' ಅಂದ ಅಪ್ಪ. ಗೋಡೆಗೆ ಒರಗಿ ಕುಸಿದು ಕೂತ. 'ಮುಗೀತು. ನಾಳೆ ಹೋಗಿ ಹೇಳ್ಬಿಡ್ತೀನಿ, ನನ್ನ ಕೈಲಿ ಆಗಲ್ಲ, ಕೆಲಸ ಬಿಡ್ತೀನಿ ಅಂತ.'

'ಏನಂತ ಹೇಳ್ತೀರಾ? ಹಾಲಲ್ಲಿ ಅದ್ದಿದ್ವಿ ಅಂತಾನಾ?'

'ನೀನು ಅದ್ದಿದ್ದು!'

'ನೀವು ಹರಿದಿದ್ದು!'

ಅವರಿಬ್ಬರೂ ಹಾಗೆ ಕೂಗಾಡಿದ್ದನ್ನು ನಾನು ಕಂಡಿರಲಿಲ್ಲ. ಅಂಥ ಇನ್ನೊಂದು ಟಿಪ್ಪು ಶಿವಮೊಗ್ಗದಲ್ಲಿ ಆಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಈಗ ಹೋದರೆ ಬಣ್ಣಬಣ್ಣದ ಡಬ್ಬಿಯಲ್ಲಿ ಬೇಕಾದಷ್ಟು ಕೊಡುತ್ತಾರೆ. ಆಗ ಅದು ಒಂದೇ, ಅದೂ ನಮ್ಮ ಹಾಲಿನ ಪಾತ್ರೆಯಲ್ಲಿ. ಮಂಜಪ್ಪನ ಕೈ ಅಂತ ಇದ್ದ ಒಂದೇ ಹೆಸರು ಹೋದರೆ ಅಪ್ಪನ ಕೆಲಸವೂ ಹೋಗುತ್ತದೆ ಎಂಬುದು ನನಗೂ ಅರ್ಥವಾಗುತ್ತಿತ್ತು. ಅಜ್ಜಿ ಬಾಗಿಲಲ್ಲಿ ಬಂದು ನಿಂತವಳು, ಯಾವತ್ತೂ ಇಂಥ ಅವಕಾಶಕ್ಕೆ ಕಾಯುತ್ತಿದ್ದವಳು, ಪಾಪ ಪುಣ್ಯದ ಮಾತೇ ಎತ್ತಲಿಲ್ಲ. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

ಅವ್ವ ಸ್ಟೀಲ್ ತಟ್ಟೆಯೊಂದನ್ನು ತೊಳೆದು ತಂದಳು. ಉಳಿದ ಏಳು ಎಲೆಗಳನ್ನು ಅದರಲ್ಲಿ ಸಾಲಾಗಿ ಹರಡಿ, ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ಗುರುತಿಸಿದಳು. ನನ್ನ ಹತ್ತಿರ ಪೆನ್ಸಿಲ್ ಈಸಿಕೊಂಡು ಪ್ರತಿಯೊಂದರ ಅಂಚಿಗೆ ಚುಕ್ಕೆ ಇಟ್ಟಳು. ಹರಿದದ್ದು ಐದನೆಯದು. ಆಮೇಲೆ ಎದ್ದು ಹೋಗಿ, ಕೋಣೆಯ ಟ್ರಂಕು ತೆರೆದು, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಜೊತೆ ಚಪ್ಪಲಿ ತಂದಳು. ಅವಳ ಮದುವೆಗೆ ಅವಳ ಅಪ್ಪ ಮಾಡಿಕೊಟ್ಟದ್ದು. ಅವರು ತೀರಿಕೊಂಡ ಮೇಲೆ ಅವಳು ಅದನ್ನು ಮೆಟ್ಟಿರಲಿಲ್ಲ. ಎಡಗಾಲಿನ ಪಟ್ಟಿಯನ್ನು ನೋಡಿದಳು, ಬಲಗಾಲಿನದನ್ನು ನೋಡಿದಳು, ಎಡಗಾಲಿನದನ್ನು ಕತ್ತರಿಸಿದಳು. ಅಪ್ಪ 'ಬೇಡ ಕಣೇ' ಅಂದ. ಅವಳು ತಲೆ ಎತ್ತಲಿಲ್ಲ.

ಆ ಕರಿ ಚರ್ಮದ ಚೂರನ್ನು ಅವಳು ತೆಳ್ಳಗೆ ಮಾಡಿದ ಬಗೆಯನ್ನು ಹೇಳಲು ನನಗೆ ಈಗಲೂ ಮಾತು ಸಾಲದು. ಅದನ್ನು ಹಲಗೆಯ ಮೇಲೆ ಎಡಗೈಯ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬ್ಲೇಡನ್ನು ಮಲಗಿಸಿ, ಉಸಿರು ಬಿಡುವಾಗ ಮಾತ್ರ ಒಂದೊಂದು ಸಲ ಎಳೆಯುತ್ತಿದ್ದಳು. ಹಾಗೆ ಎಳೆದೂ ಎಳೆದೂ, ಕಿಟಕಿಗೆ ಹಿಡಿದರೆ ಆಚೆಗಿನ ಅವಳದೇ ಬೆರಳಿನ ನೆರಳು ಕಾಣುವಷ್ಟು ತೆಳ್ಳಗೆ ಮಾಡಿದಳು. ಹನ್ನೊಂದು ವರ್ಷದ ನಾನು ಅವ್ವ ಅಂದರೆ ಅನ್ನ, ಬೈಗುಳ, ಎಣ್ಣೆ ಸ್ನಾನ ಎಂದುಕೊಂಡಿದ್ದೆ. ಅವತ್ತು ಆ ಕೈಗಳನ್ನು ನೋಡುತ್ತಾ ಇವಳು ಯಾರು ಅನ್ನಿಸಿಬಿಟ್ಟಿತು. ಈಗ ನನಗೆ ಆಗಿನ ಅವಳ ವಯಸ್ಸು ದಾಟಿದೆ. ಆ ಬೆರಗು ಮಾತ್ರ ಒಂದು ಗುಂಜಿಯೂ ಇಳಿದಿಲ್ಲ.

ಗುರುವಾರ ಬೆಳಿಗ್ಗೆ ಅಂಟಿನ ಕೆಲಸ. ಅಂಗಡಿಯ ಅಂಟು ಗಾಜಿನಂತೆ ಒಣಗುತ್ತದೆ, ಹೊಡೆತಕ್ಕೆ ಪದರಗಳ ನಡುವೆ ಬಿರುಕು ಬಿಡುತ್ತದೆ ಎಂದು ಅವಳ ವಾದ. ಅವಳು ಮಾಡಿದ್ದು ಬೇರೆ. ಒಂದು ಲೋಟ ಹಾಲು ಬಿಸಿ ಮಾಡಿ, ಅರ್ಧ ನಿಂಬೆಹಣ್ಣು ಹಿಂಡಿ ಒಡೆಸಿದಳು. ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ತೊಳೆದು, ಹಿಂಡಿ ಹಿಂಡಿ ಒಣಗಿಸಿ ಕುಟ್ಟಾಣಿಗೆ ಹಾಕಿದಳು. 'ಅಪ್ಪಯ್ಯ ಅಟ್ಟೆ ಹಚ್ಚೋಕೆ ಇದನ್ನೇ ಮಾಡ್ತಿದ್ರು. ಇದಕ್ಕೆ ಸುಣ್ಣ ಬೇಕು' ಅಂದಳು, ಯಾರಿಗೂ ಅಲ್ಲ ಅನ್ನುವ ಹಾಗೆ. ಅಜ್ಜಿ ಮಡಿಲಿನಿಂದ ತನ್ನ ಸುಣ್ಣದ ಡಬ್ಬಿ ತೆಗೆದು ಮುಂದೆ ನೂಕಿದಳು.

'ಹಾಲಲ್ಲೇ ಹಾಳಾಗಿದ್ದನ್ನ ಹಾಲಲ್ಲೇ ಸರಿ ಮಾಡ್ತೀಯೇನೇ?'

'ನೋಡಾಣ ಅತ್ತೆ.'

'ನೋಡಾಣ ಅಲ್ಲ. ಮಾಡು.'

ಸುಣ್ಣ ಬಿದ್ದದ್ದೇ ತಡ, ಉದುರುದುರಾಗಿದ್ದ ಹಾಲಿನ ಗಟ್ಟಿ ಕಣ್ಣೆದುರಿಗೇ ಕರಗಿ, ಬೆರಳಿಗೆ ಎಳೆ ಎಳೆಯಾಗಿ ಅಂಟುವ ಗೋಂದಾಯಿತು. ಅಪ್ಪ ಬಗ್ಗಿ ನೋಡಿದ, ನಾನೂ ನೋಡಿದೆ. ಅವ್ವ ಎಂಟು ಎಲೆಗಳಿಗೆ ಅದನ್ನು ಸವರಿ, ಚುಕ್ಕೆಗೆ ಚುಕ್ಕೆ ಕೂಡಿಸಿ ಒಂದರ ಮೇಲೊಂದು ಕೂರಿಸಿದಳು. ನಾಲ್ಕರ ಮೇಲೆ ಅವಳಪ್ಪನ ಕರಿ ಚರ್ಮ, ಅದರ ಮೇಲೆ ಮತ್ತೆ ಮೂರು. ಕ್ಲಾಂಪನ್ನು ಬಿಗಿಸುವಾಗ ಅಪ್ಪನನ್ನು ಕರೆದಳು. 'ಬನ್ನಿ, ನಿಮ್ಮ ಬಲ ಬೇಕು ಇದಕ್ಕೆ.' ನಡುಗುವ ಕೈಯಾದರೂ ಬಲಕ್ಕೆ ಕಮ್ಮಿಯಿರಲಿಲ್ಲ. ಅವನು ಹಲ್ಲು ಕಚ್ಚಿ ತಿರುಪು ತಿರುಗಿಸಿದ. ಶನಿವಾರದ ತನಕ ಆ ಕ್ಲಾಂಪು ಒಲೆಯ ಹತ್ತಿರದ ಗೂಡಿನಲ್ಲಿ ದೇವರ ಹಾಗೆ ಕೂತಿತ್ತು. ಹಾದು ಹೋಗುವಾಗಲೆಲ್ಲ ನಾವು ಅದನ್ನು ನೋಡುತ್ತಿದ್ದೆವು, ಮುಟ್ಟುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಬಿಚ್ಚಿದಾಗ ಟಿಪ್ಪು ಒಂದೇ ಬಿಲ್ಲೆಯಾಗಿತ್ತು. ಅವ್ವ ಉಗುರಿನಿಂದ ಪದರ ಎಬ್ಬಿಸಲು ನೋಡಿದಳು, ಏಳಲಿಲ್ಲ. ಅದನ್ನು ರಫೀಕರ ಕ್ಯೂಗೆ ಕೂರಿಸಿ, ಅಂಚು ಇಳಿಸಿ, ಗುಂಡಗೆ ಮಾಡಿ, ಉಜ್ಜಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಬದಿಯಲ್ಲಿ ಜೇನು ಬಣ್ಣದ ನಡುವೆ ಒಂದು ಕರಿ ಗೆರೆ, ನೋಡುವವರಿಗೆ ಕಾಣುವ ಹಾಗೆ. ಅಪ್ಪ ಕ್ಯೂವನ್ನು ರುಬ್ಬುವ ಕಲ್ಲಿನ ಮೇಲೆ ಒಮ್ಮೆ ಕುಟ್ಟಿದ. ಮತ್ತೊಮ್ಮೆ ಕುಟ್ಟಿದ. ಮೂರನೆಯ ಸಲ ಕುಟ್ಟದೆ ಹಾಗೇ ಹಿಡಿದುಕೊಂಡು ನಿಂತ.

'ಏನ್ರೀ?'

'ಇಂಥ ಸದ್ದು ನಾನು ಕೇಳೇ ಇಲ್ಲ ಕಣೇ' ಅಂದ ಅಪ್ಪ. ಅವನ ಕಣ್ಣು ತುಂಬಿತ್ತು. ಬಿಳಿ ಅಂಗಿ ಹಾಕಿಕೊಂಡು, ಕ್ಯೂವನ್ನು ಚೀಲಕ್ಕೆ ಸೇರಿಸಿ, ಸೈಕಲ್ ಹತ್ತಿ ಹೊರಟ.

ಭಾನುವಾರ ಕಳೆಯಿತು, ವಾರ ಕಳೆಯಿತು, ಸುದ್ದಿಯಿಲ್ಲ. ಎರಡು ತಿಂಗಳಾದ ಮೇಲೆ ಒಂದು ರಜೆಯ ದಿನ ಬೆಳಿಗ್ಗೆ ನಮ್ಮ ಓಣಿಗೆ ಸ್ಕೂಟರ್ ಬಂತು. ಬಂದವರು ರಫೀಕ್, ಹೆಗಲಲ್ಲಿ ಕ್ಯೂ ಚೀಲ. ಅಪ್ಪ ಎದ್ದು ನಿಂತ. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ಸರಿದಳು. ರಫೀಕ್ ಕೂರಲಿಲ್ಲ. ಕ್ಯೂ ತೆಗೆದು, ಅದರ ತುದಿಯನ್ನು ಅಪ್ಪನ ಕಣ್ಣಿಗೆ ಹಿಡಿದರು.

'ಮಂಜಪ್ಪಣ್ಣ, ನಾನು ಕೊಟ್ಟ ಟಿಪ್ಪಲ್ಲಿ ಈ ಕರಿ ಗೆರೆ ಇರ್ಲಿಲ್ಲ.'

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡ.

'ಅವತ್ತು ಮ್ಯಾಚ್ ಸೋತೆ. ಅದು ನನ್ನ ತಪ್ಪು, ಟಿಪ್ಪಿಂದಲ್ಲ. ಎರಡು ತಿಂಗಳಿಂದ ದಿನಾ ಆಡ್ತಾ ಇದೀನಿ. ಅಣಬೆ ಇಲ್ಲ, ಹಚ್ಚಿದ ಚಾಕ್ ಉದುರಲ್ಲ, ಶೇಪ್ ಹಂಗೇ ಇದೆ. ನಮ್ಮ ಭಾವ ಹಾಕ್ಕೊಂಡಿರೋ ಅದೇ ಕಂಪನಿದು ಆಗ್ಲೇ ಸವೆದು ಅರ್ಧ ಆಗಿದೆ. ನಿಜ ಹೇಳು, ಇದು ಯಾರು ಮಾಡಿದ್ದು?'

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಅಪ್ಪನಿಗೆ ಸಿಗುತ್ತಿರಲಿಲ್ಲ. ನಾನೇ ಅಂದಿದ್ದರೆ ರಫೀಕ್ ಅವನನ್ನು ತಬ್ಬಿಕೊಂಡು ಹೋಗುತ್ತಿದ್ದರು. ಅಪ್ಪ ಅಡುಗೆಮನೆಯ ಬಾಗಿಲ ಕಡೆ ತಿರುಗಿ, 'ನನ್ನ ಹೆಂಡ್ತಿ. ಇದೊಂದೇ ಅಲ್ಲ. ಎಲ್ಲ ಅವಳೇ, ಎಷ್ಟೋ ವರ್ಷದಿಂದ' ಅಂದ.

ರಫೀಕ್ ಬಾಗಿಲ ಹತ್ತಿರ ಹೋಗಿ, 'ಅಕ್ಕಾ, ನಿಮ್ಮ ಕೈಗೆ ದುವಾ ಮಾಡ್ತೀನಿ' ಅಂದರು. ಅವ್ವ, 'ಕಾಫಿ ಕುಡೀತೀರಾ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಲೆಯ ಹತ್ತಿರ ಹೋದಳು. ಅವರು 'ಆ ಪಾತ್ರೆ ಹಾಲಲ್ಲಿ ಮಾತ್ರ ಬೇಡ' ಅಂದಾಗಲೇ, ಅಷ್ಟರೊಳಗೆ ಅಜ್ಜಿ ಅವರ ಪಕ್ಕಕ್ಕೆ ಸರಿದು ಪಿಸುದನಿಯಲ್ಲಿ ಹಾಲಿನ ಕಥೆಯನ್ನೆಲ್ಲ ಹೇಳಿಬಿಟ್ಟಿದ್ದಾಳೆ ಎಂದು ನಮಗೆ ಗೊತ್ತಾದದ್ದು.

ರಫೀಕ್ ಒಳ್ಳೆಯವರು. ಆದರೆ ಬೆರಗಾದ ಮನುಷ್ಯನ ಬಾಯಿ ಕಟ್ಟುವುದು ಕಷ್ಟ. ವಾರದೊಳಗೆ ಸುದ್ದಿ ನ್ಯೂ ಟೌನಿನ ಕ್ಲಬ್ಬಿಗೆ ಮುಟ್ಟಿತು. ಭಾನುವಾರ ಬೆಳಿಗ್ಗೆ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ ಎಂದು ಸೆಕ್ರೆಟರಿಯವರು ಅಪ್ಪನಿಗೆ ಹೇಳಿದರು. ಯಾಕೆ ಎಂದು ಹೇಳಲಿಲ್ಲ. ಮೂರು ದಿನ ಅಪ್ಪ ಸರಿಯಾಗಿ ಉಣ್ಣಲಿಲ್ಲ. ಅವ್ವ ಮಾತ್ರ ಎಂದಿನಂತೆ ಇದ್ದಳು. ಭಾನುವಾರ ನೀಲಿ ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು ಹೊರಟಳು.

ಕ್ಲಬ್ಬಿನ ಆ ದೊಡ್ಡ ಕೋಣೆಯಲ್ಲಿ ಐದಾರು ಸದಸ್ಯರು, ರಫೀಕ್, ಕನ್ನಡಕದ ಸೆಕ್ರೆಟರಿಯವರು ನಿಂತಿದ್ದರು. ಅವ್ವ ಯಾರನ್ನೂ ನೋಡಲಿಲ್ಲ. ದೀಪಗಳ ಕೆಳಗೆ ಹಸಿರು ಬಟ್ಟೆ ಹೊದ್ದು ಮಲಗಿದ್ದ ಟೇಬಲ್ಲನ್ನೇ ನೋಡುತ್ತಾ ನಿಂತಳು. ನನ್ನ ಕಿವಿಯ ಹತ್ತಿರ ಬಗ್ಗಿ, 'ಇಷ್ಟು ದೊಡ್ಡದಾ? ನಾನು ಕೇರಂ ಬೋರ್ಡಿನಷ್ಟು ಅಂದ್ಕೊಂಡಿದ್ದೆ ಕಣೇ' ಅಂದಳು. ಸಣ್ಣ ದನಿಯಲ್ಲೇ ಅಂದಳು, ಆದರೆ ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ಅಷ್ಟು ವರ್ಷ ಅವರ ಒಂದೊಂದು ಹೊಡೆತವೂ ಈ ಹೆಂಗಸಿನ ಬೆರಳಿನಿಂದ ಹೊರಟು ಹೋಗಿತ್ತು. ಅವಳು ಕೈ ಚಾಚಿ ಬಟ್ಟೆಯನ್ನು ಒಮ್ಮೆ ಸವರಿದಳು.

ಅಪ್ಪ ಗೋಡೆಯ ಪಕ್ಕದಲ್ಲಿದ್ದ. ಸದಸ್ಯರ ಮುಂದೆ ಯಾವಾಗಲೂ ನಿಲ್ಲುತ್ತಿದ್ದ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅವಿತಿಟ್ಟುಕೊಂಡು ನಿಂತಿದ್ದ.

'ಟಿಪ್ಪು ಹಾಕೋದು ಇವರಾದ್ರೆ, ಇಷ್ಟು ದಿನ ನೀನು ಮಾಡಿದ್ದೇನು ಮಂಜಪ್ಪ?' ಸೆಕ್ರೆಟರಿಯವರ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

'ಹೊತ್ಕೊಂಡು ಹೋಗಿದ್ದೀನಿ, ಹೊತ್ಕೊಂಡು ಬಂದಿದ್ದೀನಿ ಸಾರ್' ಅಂದ ಅಪ್ಪ, ನೆಲ ನೋಡುತ್ತಾ. ನನಗೆ ಅಳು ಬಂತು.

ಸೆಕ್ರೆಟರಿಯವರು ಗೋಡೆಯ ಸ್ಟ್ಯಾಂಡಿನಿಂದ ತಮ್ಮ ಕ್ಯೂ ತೆಗೆದು, ನೇರವಾಗಿ ಅವ್ವನ ಮುಂದೆ ಹಿಡಿದರು.

'ಹಾಗಾದ್ರೆ ಇನ್ಮೇಲೆ ನಿಮ್ಮ ಕೈಗೇ ಕೊಡ್ತೀವಮ್ಮ. ತಗೊಳ್ಳಿ.'

ಅದನ್ನು ತೆಗೆದುಕೊಂಡರೆ ಅಪ್ಪನಿಗೆ ಆ ಕ್ಲಬ್ಬಿನಲ್ಲಿ ಇನ್ನು ಕೆಲಸವಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಅವ್ವ ಸೆರಗಿನೊಳಗಿನ ಕೈಯನ್ನು ಹೊರಗೆ ತೆಗೆಯಲಿಲ್ಲ.

'ನನಗೆ ಅಂಟಿಸೋದು ಗೊತ್ತು ಸಾರ್. ಯಾರಿಗೆ ಎಂಥದ್ದು ಬೇಕು ಅಂತ ಗೊತ್ತಿಲ್ಲ. ಗಟ್ಟಿ ಎಷ್ಟು, ಮೆತ್ತಗೆ ಎಷ್ಟು, ಎಲ್ಲ ಅವರು ಹೇಳಿದ್ದು. ನಿಮ್ಮ ಕೈ ಎಂಥದ್ದು ಅಂತ ನಾನೇನು ಕಂಡಿದ್ದೀನಿ? ಕಂಡಿರೋದು ಅವರು.' ಯಾವತ್ತೂ ಅಪ್ಪನನ್ನು ಹಾಗೆ ಕರೆಯದ ಅವ್ವ ಹೇಳಿದಳು: 'ಮಾರ್ಕರ್ ಕೈಲಿ ಕೊಡಿ.'

ಸೆಕ್ರೆಟರಿಯವರ ಕೈಯಲ್ಲಿದ್ದ ಕ್ಯೂ ನಿಧಾನವಾಗಿ ಗೋಡೆಯ ಪಕ್ಕದಲ್ಲಿದ್ದ ಅಪ್ಪನ ಕಡೆ ತಿರುಗಿತು. ಅಪ್ಪ ಬೆನ್ನ ಹಿಂದಿನಿಂದ ಎರಡೂ ಕೈ ತೆಗೆದ. ಅವು ನಡುಗುತ್ತಲೇ ಇದ್ದವು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅವನು ಅವುಗಳನ್ನು ಚಾಚಿ ಕ್ಯೂ ತೆಗೆದುಕೊಂಡ.